ಲಾಳಿಯ ಹಾಡು

ಅಮೃತಾಳಿಗೆ ಮಾತು ಬರಿಸಿದ್ದು ಯಾರು ಎಂಬ ವಿಷಯದಲ್ಲಿ ಆ ಮನೆಯ ಅತ್ತೆ ಸೊಸೆಯರಿಗೆ ಎಂದೂ ಒಮ್ಮತವಿರಲಿಲ್ಲ.

ಮೂರು ವರ್ಷ ತುಂಬಿದರೂ ಮಗು ತುಟಿ ಬಿಚ್ಚಿರಲಿಲ್ಲ. ಹಸಿವಾದರೆ ಸೆರಗು ಎಳೆಯುವುದು, ಬೇಡವಾದರೆ ತಲೆ ಅಲ್ಲಾಡಿಸುವುದು, ಇಷ್ಟರಲ್ಲೇ ಅದರ ವ್ಯವಹಾರವೆಲ್ಲ ಮುಗಿಯುತ್ತಿತ್ತು. ಅಜ್ಜಿ ಬನಶಂಕರಮ್ಮ ದಿನಾ ಬೆಳಗ್ಗೆ ಬಜೆಯ ಬೇರು ತೇದು ಮೊಮ್ಮಗಳ ನಾಲಿಗೆಗೆ ಸವರುತ್ತಿದ್ದಳು. ತಾಯಿ ಯಶೋದಾ ದಿನಾ ಸಂಜೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಡುತ್ತಿದ್ದಳು. ಗಂಡ ಚೌಡೇಶ್ ನಡುಮನೆಯ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯುವಾಗ ಲಾಳಿ ಆಚೆಗೊಮ್ಮೆ ಈಚೆಗೊಮ್ಮೆ ಓಡುವುದನ್ನು ಮಗು ಕಣ್ಣು ಮಿಟುಕಿಸದೆ ನೋಡುತ್ತಿತ್ತು. ಅದನ್ನು ಕಂಡೇ ಯಶೋದಾ ಒಂದು ಹಾಡು ಕಟ್ಟಿದ್ದಳು.

"ಲಾಳಿ ಲಾಳಿ, ಎಲ್ಲಿಗೆ ಹೋದೆ?"

"ಆ ಕಡೆ ಹೋದೆ, ಈ ಕಡೆ ಬಂದೆ."

ಪ್ರಶ್ನೆಯೂ ಅವಳದೇ, ಉತ್ತರವೂ ಅವಳದೇ. ಒಂದು ಸಂಜೆ ಪ್ರಶ್ನೆ ಹಾಡಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ತೊಡೆಯ ಮೇಲಿಂದ "ಈ ಕಡೆ ಬಂದೆ" ಎಂದು ಸಣ್ಣ ಕೊರಳೊಂದು ಹಾಡಿತು. ಚೌಡೇಶ್ ಕೈಲಿದ್ದ ಎಳೆ ಕಡಿದುಕೊಂಡ.

"ಬಜೆ ಹತ್ತಿತು ನೋಡು," ಎಂದಳು ಬನಶಂಕರಮ್ಮ.

ಹತ್ತಿದ್ದು ಹಾಡು ಎಂದು ಯಶೋದಾ ಬಾಯಿ ಬಿಟ್ಟು ಹೇಳಲಿಲ್ಲ. ಮುಖದಲ್ಲಿ ಹೇಳಿದಳು, ಅತ್ತೆ ಅದನ್ನು ಓದಿಕೊಂಡಳು. ಅಲ್ಲಿಂದಾಚೆಗೆ ಮಗು ಹಾಡಿನಲ್ಲೇ ಮಾತಾಡಿತು. ಎತ್ತಿಕೋ ಎನ್ನಬೇಕಾದರೂ "ಈ ಕಡೆ ಬಂದೆ", ಉಣ್ಣುವಾಗಲೂ "ಈ ಕಡೆ ಬಂದೆ". ಹೊಸ ಹಾಡು ಕಲಿತಂತೆ ಹೊಸ ಮಾತೂ ಒಂದೊಂದಾಗಿ ಬಂತು. ರಾಗವಿಲ್ಲದ ಮಾತು ಮಾತ್ರ ಇನ್ನೂ ಬಂದಿರಲಿಲ್ಲ. "ಬರುತ್ತೆ, ದಿನಾ ಹಾಡಿಸಿ. ನಡುವೆ ಬಿಡಬೇಡಿ, ಬಿಟ್ಟರೆ ಹಿಂದಕ್ಕೆ ಹೋಗಬಹುದು," ಎಂದು ಡಾಕ್ಟರು ಹೇಳಿದ್ದರು. ಆ ಕೊನೆಯ ಮಾತು ಯಶೋದಾಳ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು.

ಯಶೋದಾ ಹಿಂದೂಪುರದ ಪೇಟೆಯಲ್ಲಿ ಶೋಭಾರಾಣಿ ಮೇಡಂ ನಡೆಸುವ ನರ್ಸರಿ ಸ್ಕೂಲಿನಲ್ಲಿ ಹಾಡಿನ ಟೀಚರು. ತೆಲುಗು, ಕನ್ನಡ, ಇಂಗ್ಲಿಷು, ಯಾವುದಾದರೂ ಸರಿ, ಚಿಳ್ಳೆಪಿಳ್ಳೆಗಳನ್ನು ಸುತ್ತ ಕೂರಿಸಿಕೊಂಡು ಚಪ್ಪಾಳೆ ತಟ್ಟಿ ಹಾಡಿಸುವುದು ಅವಳ ಕೆಲಸ. ಆ ವರ್ಷ ಮಾರ್ಚಿನಲ್ಲಿ ಅವಳ ತಂಗಿಗೆ ಗಂಡುಮಗುವಾಗಿ ಕಲ್ಯಾಣದುರ್ಗದ ತವರಿನಲ್ಲಿ ತೊಟ್ಟಿಲು ಶಾಸ್ತ್ರ ಇಟ್ಟುಕೊಂಡಿದ್ದರು. ಅಮೃತಾಳನ್ನು ಕರೆದುಕೊಂಡು ಹೋದಳು. ಶಾಸ್ತ್ರ ಮುಗಿದ ಮಾರನೇ ದಿನವೇ ಸ್ಕೂಲಿನ ವಾರ್ಷಿಕೋತ್ಸವ.

"ನೀನ್ ಹೋಗು, ಮಗ ನಾಕ್ ದಿನ ಇರ್ಲಿ," ಎಂದಳು ತಾಯಿ ದ್ರಾಕ್ಷಾಯಣಮ್ಮ. "ಯುಗಾದಿಗೆ ನಾನೇ ಕರ್ಕೊಂಡ್ ಬತ್ತೀನಿ. ಬೀಗತೀನೂ ನೋಡ್ದಂಗಾಯ್ತದೆ."

ಲಾಕ್‌ಡೌನ್ ಆಗಿ ಯುಗಾದಿಗೆ ಬಸ್ಸೇ ನಿಂತುಹೋಯಿತು. ಬಸ್ಸಷ್ಟೇ ಏನು, ಲೋಕವೇ ನಿಂತಿತು. ಹಬ್ಬದ ದಿನ ಬನಶಂಕರಮ್ಮ ಒಬ್ಬಟ್ಟು ತಟ್ಟಿ, ಒಂದನ್ನು ಪುಟ್ಟ ತಟ್ಟೆಯಲ್ಲಿ ಬೇರೆ ತೆಗೆದಿಟ್ಟಳು. ಸಂಜೆಯವರೆಗೂ ಅದನ್ನು ಯಾರೂ ಮುಟ್ಟಲಿಲ್ಲ. ಆಮೇಲೆ ಹಸುವಿಗೆ ಹಾಕಿದರು.

"ಮಗೂನ ಬಿಟ್ ಬರೋವಂತ ಸ್ಕೂಲು ಅದೇನೈತೋ," ಎಂದಳು ಅವಳು, ಯಾರಿಗೂ ಅಲ್ಲ ಎಂಬಂತೆ.

"ನಾಕ್ ದಿನಕ್ಕೆ ಅಂತ ಬಿಟ್ ಬಂದೆ ಅತ್ತೆ. ಹಿಂಗಾಯ್ತದೆ ಅಂತ ಯಾರಿಗ್ ಗೊತ್ತಿತ್ತು."

"ನಂಗೇನ್ ಕೇಳ್ತೀಯ ಕಣಮ್ಮ. ನಾನೇನ್ ಓದ್ದೋಳಾ."

ಚೌಡೇಶ್ ತಟ್ಟೆಯಿಂದ ತಲೆಯೆತ್ತಲಿಲ್ಲ. ಅತ್ತೆ ಸೊಸೆಯ ಮಾತಿನ ನಡುವೆ ತಲೆ ಹಾಕಿದರೆ ಎರಡೂ ಕಡೆ ಏಟು ಎಂಬ ಬುದ್ಧಿಯನ್ನು ಅವನು ಮದುವೆಯಾದ ಹೊಸದರಲ್ಲೇ ಕಲಿತಿದ್ದ.

ಏಪ್ರಿಲಿನಲ್ಲಿ ಶೋಭಾರಾಣಿ ಮೇಡಂ ಫೋನ್ ಮಾಡಿದರು. ಸ್ಕೂಲು ಮುಚ್ಚಿಬಿಟ್ಟಿದೆ, ಮಕ್ಕಳು ಕೈತಪ್ಪಿ ಹೋಗಬಾರದು, ಆನ್‌ಲೈನಲ್ಲಿ ಕ್ಲಾಸು ಶುರು ಮಾಡೋಣ ಎಂದು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದರು.

"ಎಲ್‌ಕೆಜಿಯೋರಿಗೆ ಪಾಠ ಯಾರ್ ಕೇಳ್ತಾರೆ ಯಶೋದಾ, ಪಾಟೇ, ಹಾಡೇ ಮುಖ್ಯ. ಫೋನ್ ಮುಂದೆ ಕೂತ್ಕೊಂಡು ನೀನು ಪಾಡು, ಅಷ್ಟೇ."

"ಮೇಡಂ, ನನ್ ಮಗಳು ಕಲ್ಯಾಣದುರ್ಗದಾಗವ್ಳೆ. ಅವಳ್ನೂ ಕ್ಲಾಸಿಗೆ ಸೇರ್ಸಬೋದಾ?"

"ಸೇರ್ಸಮ್ಮ, ನಿಂದೇ ಕ್ಲಾಸು."

ಯಶೋದಾಳಿಗೆ ಹೋದ ಜೀವ ಬಂದ ಹಾಗಾಯಿತು. ದಿನಾ ಮಗುವಿನ ಮುಖ ಕಾಣುತ್ತದೆ, ದಿನಾ ಹಾಡಿಸಬಹುದು. ಡಾಕ್ಟರು ಹೇಳಿದ್ದು ತಪ್ಪುವುದಿಲ್ಲ.

ತೊಂದರೆಯಾದದ್ದು ಮಗ್ಗದ ವಿಷಯದಲ್ಲಿ. ಹಾಸು ಹಾಕಿದ್ದ ಸೀರೆ ಅರ್ಧದಲ್ಲಿತ್ತು, ಚೌಡೇಶ್ ನೇಯುತ್ತಿದ್ದ. ಕ್ಲಾಸಿನ ಹೊತ್ತಿಗೆ ಖಟಕ್ ಖಟಕ್ ಎಂದರೆ ಯಾವ ಹಾಡು ಯಾರಿಗೆ ಕೇಳಬೇಕು?

"ಕ್ಲಾಸ್ ಮುಗಿಯೋಗಂಟ ಮಗ್ಗ ನಿಲ್ಸಿ," ಎಂದಳು ಯಶೋದಾ.

ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ಬನಶಂಕರಮ್ಮನ ರಾಟೆ ನಿಂತಿತು. "ಮಗ್ಗ ಅಮಾಸೆಗೆ ನಿಲ್ತದೆ, ಇಲ್ಲ ಮನೇಲಿ ಸಾವಾದ್ರೆ ನಿಲ್ತದೆ. ಹಾಡು ಹೇಳೋಕೆ ಮಗ್ಗ ನಿಲ್ಸಿದ್ ಮನೇನ ನಾನ್ ಕಾಣೆ."

"ಅಮ್ಮ, ಅಮೃತಾನೂ ಬತ್ತಾಳೆ ಕ್ಲಾಸಿಗೆ," ಎಂದ ಚೌಡೇಶ್.

"ಬತ್ತಾಳಾ? ಎಲ್ಲಿಗ್ ಬತ್ತಾಳೆ?"

"ಫೋನ್ನಾಗೆ."

"ಫೋನ್ನಾಗೆ," ಎಂದು ಬನಶಂಕರಮ್ಮ ಆ ಮಾತನ್ನು ಹಳಸಿದ ಅನ್ನವನ್ನು ಮೂಸಿ ನೋಡಿದ ಹಾಗೆ ಹೇಳಿದಳು. ಆದರೂ ಮಗ್ಗ ನಿಂತಿತು. ಚೌಡೇಶ್ ಆ ಹೊತ್ತಿಗೆ ಜಗಲಿಗೆ ಹೋಗಿ ಕೂರತೊಡಗಿದ. ಬನಶಂಕರಮ್ಮ ಮಾತ್ರ ಏಳಲಿಲ್ಲ, ರಾಟೆಯ ಮುಂದೆ ಕೈಕಟ್ಟಿ ಕೂತು ಮೊಮ್ಮಗಳ ದನಿಗೆ ಕಿವಿಗೊಟ್ಟಳು. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ಬಾಳಿದವಳ ಕಿವಿ ಮಂದವಾಗಿ ಎಷ್ಟೋ ಕಾಲವಾಗಿತ್ತು. ಅದನ್ನು ಅವಳ ಎದುರು ಆಡುವ ಧೈರ್ಯ ಯಾರಿಗೂ ಇರಲಿಲ್ಲ. ಕೇಳದಿದ್ದರೆ "ನೆಟ್ಟಗೆ ಮಾತಾಡಿ" ಎಂದು ಎದುರಿನವರನ್ನೇ ಗದರುತ್ತಿದ್ದಳು.

ಮೊದಲ ದಿನದ ಕ್ಲಾಸು ಸಂತೆಯಾಯಿತು. ಅಂಗೈಯಗಲದ ಪರದೆಯಲ್ಲಿ ಬೆಂಕಿಪೊಟ್ಟಣದಷ್ಟು ಮುಖಗಳು. ಒಂದು ಮನೆಯಲ್ಲಿ ಮಿಕ್ಸಿ, ಒಂದು ಮನೆಯಲ್ಲಿ ಟಿವಿ, ಇನ್ನೊಂದು ಮನೆಯಲ್ಲಿ ಯಾರೋ ಸೊಪ್ಪಿನವಳ ಜೊತೆ ಜಗಳ. ಅದನ್ನೂ ತಡೆದುಕೊಳ್ಳಬಹುದಿತ್ತು. ಎಲ್ಲರೂ ಒಟ್ಟಿಗೆ ಹಾಡಿ ಎಂದರೆ ಒಂದು ಮನೆಯ ಹಾಡು ಇನ್ನೊಂದು ಮನೆ ಮುಟ್ಟುವುದು ತಡವಾಗುತ್ತಿತ್ತು. ಅಲ್ಲಿ ಲಾಳಿ ಹೋಗುವಷ್ಟರಲ್ಲಿ ಇಲ್ಲಿ ಬಂದಾಗಿತ್ತು. ಯಶೋದಾ ತಾಳ ತಟ್ಟಿ ತಟ್ಟಿ ಸೋತಳು.

ಸಂಜೆ ಮೇಡಂ ಫೋನು. "ಪೇರೆಂಟ್ಸ್ ಎಲ್ಲಾ ಒಂದೇ ಗಲಾಟೆ ಅಂತಾವ್ರೆ. ಎಲ್ಲರ್ನೂ ಮ್ಯೂಟ್ ಮಾಡ್ಬಿಡು. ನೀನ್ ಹಾಡು, ಪಿಲ್ಲಲು ನೋಡ್ಕೊಂಡ್ ಹಾಡ್ತಾರೆ."

"ಅವರ್ ಹಾಡೋದು ನಂಗ್ ಕೇಳ್ಬೇಕಲ್ಲ ಮೇಡಂ."

"ಬಾಯಿ ಕಾಣ್ತದಲ್ಲಮ್ಮ."

ಅಂದಿನಿಂದ ಕ್ಲಾಸಿನ ಮೊದಲ ಮಾತು "ಎಲ್ಲರೂ ಮೈಕ್ ಆಫ್ ಮಾಡಿ". ಮಕ್ಕಳು ಅದನ್ನೇ ಮೊದಲು ಕಲಿತರು. ಕೊನೆಯ ಐದು ನಿಮಿಷ ಒಬ್ಬೊಬ್ಬರ ಮೈಕು ತೆಗೆಸಿ ಒಂದು ಸಾಲು ಹಾಡಿಸಬೇಕು ಎಂದು ಯಶೋದಾ ತಾನೇ ಕಟ್ಟಳೆ ಮಾಡಿಕೊಂಡಳು. ಟೀಚರು ತನ್ನ ಮಗಳನ್ನೇ ಮೆರೆಸುತ್ತಾಳೆ ಎಂದು ಯಾರೂ ಅನ್ನಬಾರದೆಂದು ಅಮೃತಾಳ ಸರದಿಯನ್ನು ಎಲ್ಲರ ಕೊನೆಗೆ ಇಟ್ಟಳು. ದುಡ್ಡು ಕಟ್ಟದ ಮೀಟಿಂಗು ಹೊತ್ತು ಮೀರಿದ ಕೂಡಲೇ ತಾನಾಗಿ ಕಡಿದುಹೋಗುತ್ತಿತ್ತು. ಪ್ರತಿ ಸಲವೂ ಅಮೃತಾಳ ಸರದಿಗೆ ಮೊದಲೇ ಪರದೆ ಕಪ್ಪಾಗುತ್ತಿತ್ತು.

ಆದರೂ ಕಂಡದ್ದೇ ಸಾಕು ಎನಿಸುತ್ತಿತ್ತು. ಕಲ್ಯಾಣದುರ್ಗದ ಮನೆಯ ಕಿಟಕಿ, ಕಿಟಕಿಯ ಪಕ್ಕ ತಂಗಿಯ ಮಗುವಿನ ತೊಟ್ಟಿಲ ಹಗ್ಗ, ಅದರ ಕೆಳಗೆ ಎರಡು ಜಡೆಯ ಅಮೃತಾ. ಆ ಮನೆಯಲ್ಲಿ ಸಿಗ್ನಲ್ ಸಿಗುತ್ತಿದ್ದುದೇ ಆ ಮೂಲೆಯಲ್ಲಿ. ಬೇರೆ ಮಕ್ಕಳು ಎದ್ದು ಓಡುತ್ತಿದ್ದರು, ಬಿಸ್ಕತ್ತು ತಿನ್ನುತ್ತಿದ್ದರು, ಮೂಗಿನಲ್ಲಿ ಬೆರಳಿಡುತ್ತಿದ್ದರು. ಅಮೃತಾ ಮಾತ್ರ ಅಮ್ಮನನ್ನೇ ನೋಡುತ್ತ ಪದಪದಕ್ಕೂ ತುಟಿ ಆಡಿಸುತ್ತಿದ್ದಳು. ಲಾಳಿಯ ಹಾಡಷ್ಟೇ ಅಲ್ಲ, ಹೊಸದಾಗಿ ಕಲಿಸಿದ ತೆಲುಗು ಹಾಡುಗಳನ್ನೂ ಬಿಡಲಿಲ್ಲ. ಒಂದು ಶನಿವಾರ ಮೇಡಂ ತಾವೇ ಕ್ಲಾಸು ನೋಡಿ, ಆ ವಾರದ ಸ್ಟಾರನ್ನು ಅಮೃತಾಳಿಗೇ ಕೊಟ್ಟರು.

ಯಶೋದಾ ಅಂದು ಚಿತ್ರಾನ್ನ ಮಾಡಿ, ಕಡಲೇಕಾಯಿಬೀಜ ಕೈಬಿಚ್ಚಿ ಹಾಕಿದಳು.

"ಏನು ವಿಶೇಷ?" ಎಂದಳು ಬನಶಂಕರಮ್ಮ.

"ನಿಮ್ ಮೊಮ್ಮಗಳೇ ಚೆನ್ನಾಗ್ ಹಾಡ್ತಾಳೆ ಅಂತ ಮೇಡಂ ಸ್ಟಾರ್ ಕೊಟ್ರು ಅತ್ತೆ."

"ಅದರ ಕೊರಳು ಹೆಂಗೈತೆ? ನೆಗಡಿ ಗಿಗಡಿ ಇಲ್ಲ ತಾನೆ?"

"ಮೈಕ್ ಆಫ್ ಇರ್ತದೆ ಅತ್ತೆ. ಬಾಯಿ ಕಾಣ್ತದೆ."

"ಕೊರಳು ಕೇಳ್ದೆ ಹಾಡು ಚೆನ್ನಾಗೈತೆ ಅಂದ್ರಾ? ಅಡುಗೆ ಉಣ್ದೆ ರುಚಿಯಾಗೈತೆ ಅಂದಂಗಾಯ್ತು ಬಿಡು."

ಆ ಮಾತು ಚುಚ್ಚಿತು. ಊಟವಾದ ಮೇಲೆ ಯಶೋದಾ ತವರಿಗೆ ವಿಡಿಯೋ ಕಾಲ್ ಮಾಡಿದಳು. ಮಗು ಮೊದಲಿನಿಂದಲೂ ಫೋನಿನಲ್ಲಿ ಮಾತಾಡಿದ್ದೇ ಇಲ್ಲ. ಫೋನು ಕೊಟ್ಟರೆ ಹಲ್ಲು ತೋರಿಸಿ ಓಡುವುದು. ಈ ಸಲ ಯಶೋದಾ ಬಿಡಲಿಲ್ಲ.

"ಹಾಡು ಕಂದ. ಲಾಳಿ ಲಾಳಿ, ಎಲ್ಲಿಗೆ ಹೋದೆ?"

ಪರದೆಯಲ್ಲಿ ಮಗುವಿನ ತುಟಿಗಳು ಆಡಿದವು. ಸದ್ದು ಬರಲಿಲ್ಲ.

"ಅಮ್ಮ, ವಾಯ್ಸ್ ಬತ್ತಿಲ್ಲ. ಸಿಗ್ನಲ್ ಇಲ್ಲ ಅನ್ಸತ್ತೆ," ಎಂದಳು ಯಶೋದಾ.

"ಅವಳ್ ಹಾಡ್ತಾ ಅವ್ಳಲ್ಲ, ನೋಡು," ಎಂದು ದ್ರಾಕ್ಷಾಯಣಮ್ಮ ಪಿಸುದನಿಯಲ್ಲಿ ಹೇಳಿದ್ದು ಅಷ್ಟಿಷ್ಟು ಕೇಳಿತು. ಆಮೇಲೆ ಚಿತ್ರ ಕಲ್ಲಿನಂತೆ ನಿಂತು, ಲೈನು ಕಡಿಯಿತು.

ಪಕ್ಕದಲ್ಲಿದ್ದ ಚೌಡೇಶ್, "ನಿಮ್ಮಮ್ಮನ್ ಮಾತು ಬಂತಲ್ಲ," ಎಂದ.

"ಬಿಟ್ ಬಿಟ್ ಬಂತು. ಮಗೀನ್ ಕೊರಳು ಸಣ್ಣದು, ಅದೆಂಗ್ ಬರ್ಬೇಕು? ಕಲ್ಯಾಣದುರ್ಗದ ಟವರ್ ಕತೆ ನಿಮಗ್ ಗೊತ್ತಿಲ್ವಾ?" ಎಂದು ಯಶೋದಾ ರೇಗಿದಳು. ಅವಳು ಅಷ್ಟು ಜೋರಾಗಿ ಮಾತಾಡುವವಳಲ್ಲ.

ಮೇ ತಿಂಗಳಲ್ಲಿ ಒಂದು ಬೆಳಗ್ಗೆ ಚೌಡೇಶನೇ ಬೈಕು ತೆಗೆದ. "ಬಾ, ಹೋಗಿ ಕರ್ಕೊಂಡ್ ಬಂದ್ಬುಡಾನ," ಎಂದ. ಎರಡೂ ಊರು ಆಂಧ್ರದ ಒಂದೇ ಜಿಲ್ಲೆಯವು, ಆದರೆ ಹತ್ತಿರದ ದಾರಿ ಪಾವಗಡದ ಮೇಲೆ, ಪಾವಗಡ ಕರ್ನಾಟಕ. ಮಡಕಶಿರ ದಾಟಿದ ಮೇಲೆ ಗಡಿಯಲ್ಲಿ ರಸ್ತೆಗೆ ಮುಳ್ಳಿನ ಕೊಂಬೆ ಹಾಕಿ ಪೊಲೀಸರು ಕೂತಿದ್ದರು.

"ನಮ್ ಮಗು ಆ ಕಡೆ ಐತೆ ಸಾರ್," ಎಂದಳು ಯಶೋದಾ.

"ಎಲ್ರದೂ ಏನೋ ಒಂದು ಆ ಕಡೇನೇ ಐತಮ್ಮ. ಯಾರನ್ನಂತ ಬಿಡ್ಲಿ?" ಎಂದ ಪೇದೆ. ಬೈಯಲಿಲ್ಲ, ಬಿಡಲೂ ಇಲ್ಲ. ಪೆನುಕೊಂಡದ ಮೇಲಿನ ಸುತ್ತುದಾರಿ ಹಿಡಿಯೋಣವೆಂದು ಊರಿಗೆ ಮರಳಿದರೆ, ಅವರ ಬೀದಿಯಲ್ಲೇ ಒಬ್ಬರಿಗೆ ಕಾಯಿಲೆಯೆಂದು ಎರಡೂ ತುದಿಗೆ ಬಿದಿರು ಕಟ್ಟುತ್ತಿದ್ದರು. ಒಳಗೆ ಹೋದವರು ಹೊರಗೆ ಬರುವ ಹಾಗಿಲ್ಲ. ಯಶೋದಾ ಮಗುವಿಗೆಂದು ಕಟ್ಟಿಕೊಂಡಿದ್ದ ಕೋಡುಬಳೆಯನ್ನು ಡಬ್ಬಿಗೆ ಸುರಿದು ಅಡುಗೆಮನೆಯಲ್ಲಿ ಕೂತು ಅತ್ತಳು. ಬನಶಂಕರಮ್ಮ ಬಂದು ನೋಡಿದಳು. ಅಂದು ಪಾತ್ರೆಯನ್ನೆಲ್ಲ ತಾನೇ ಬೆಳಗಿದಳು.

ಬಿದಿರು ಬಿಚ್ಚಿದ್ದು ಜೂನಿನಲ್ಲಿ. ಬಿಚ್ಚಿದ ಬೆಳಗ್ಗೆಯೇ ಗಂಡಹೆಂಡತಿ ಸುತ್ತುದಾರಿಯಲ್ಲಿ ಹೊರಟರು. ಕಲ್ಯಾಣದುರ್ಗ ಮುಟ್ಟುವಾಗ ಬಿಸಿಲು ನೆತ್ತಿಗೇರಿತ್ತು. ಅಮೃತಾ ಹೊಸ್ತಿಲಲ್ಲೇ ನಿಂತಿದ್ದಳು. ಅಮ್ಮನ ಮುಖಕ್ಕಿದ್ದ ಬಟ್ಟೆ ಬಿಚ್ಚುವ ತನಕ ದಿಟ್ಟಿಸಿ ನೋಡಿ, ಆಮೇಲೆ ಓಡಿ ಬಂದು ಸೀರೆಯ ನೆರಿಗೆಯಲ್ಲಿ ಮುಖ ಹುದುಗಿಸಿದಳು. ಯಶೋದಾ ಅಲ್ಲೇ ನೆಲಕ್ಕೆ ಕೂತು ಅವಳನ್ನು ತೊಡೆಗೆ ಎಳೆದುಕೊಂಡಳು.

"ಲಾಳಿ ಲಾಳಿ, ಎಲ್ಲಿಗೆ ಹೋದೆ?"

ಮಗು ಅವಳ ಬಾಯಿಯನ್ನೇ ನೋಡುತ್ತ ತುಟಿ ಆಡಿಸಿತು. ಆ ಕಡೆ ಹೋದೆ, ಈ ಕಡೆ ಬಂದೆ. ಒಂದು ಪದವೂ ತಪ್ಪಲಿಲ್ಲ, ಒಂದಕ್ಕೂ ಸದ್ದಿರಲಿಲ್ಲ. ಇಲ್ಲಿ ಫೋನಿಲ್ಲ, ಟವರಿಲ್ಲ. ಯಶೋದಾ ಕಿವಿಯನ್ನು ಮಗುವಿನ ಬಾಯಿಯ ಹತ್ತಿರ ತಂದಳು. ಬೆಚ್ಚಗಿನ ಉಸಿರು ತಗಲಿತು, ಅಷ್ಟೇ.

"ಜೋರಾಗಿ ಹಾಡು ಕಂದ."

ಮಗು ಬಾಯಿಯನ್ನು ಇನ್ನೂ ಅಗಲವಾಗಿ ತೆರೆದು ಇನ್ನೊಮ್ಮೆ ಹಾಡಿತು. ಏನೂ ಕೇಳಲಿಲ್ಲ.

"ಅಮ್ಮ, ಇವಳ್ಯಾಕ್ ಹಿಂಗ್ ಮಾಡ್ತಾವ್ಳೆ?"

ದ್ರಾಕ್ಷಾಯಣಮ್ಮ ಮಜ್ಜಿಗೆ ತಂದಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಹೆಮ್ಮೆಯಿಂದಲೇ ಹೇಳಿದಳು. "ನಾನೇ ಅಭ್ಯಾಸ ಮಾಡ್ಸಿದ್ದು ಕಣೆ. ಸಿಗ್ನಲ್ ಇರಾದು ತೊಟ್ಲತಾವ. ಇವಳ್ ಹಾಡಿದ್ರೆ ಕೂಸು ಬೆಚ್ಚಿಬಿದ್ ಎದ್ದೇಳದು. ನೀನೇ ದಿನಾ ಹೇಳ್ತಿದ್ದಲ್ಲ, ಮೈಕ್ ಆಫ್ ಮಾಡಿ ಮೈಕ್ ಆಫ್ ಮಾಡಿ ಅಂತ. ಹೆಂಗೂ ಕೊರಳು ಬ್ಯಾಡ್ವಲ್ಲ, ಬಾಯಷ್ಟೇ ಆಡ್ಸವ್ವ ಅಂದೆ. ಎರಡ್ ದಿನಕ್ಕೆ ಕಲ್ತ್ಬಿಟ್ಲು. ಆಮೇಲೆ ಒಂದ್ ದಿನಾನೂ ಕೂಸು ಎದ್ದಿಲ್ಲ. ಸ್ಟಾರ್ ಬೇರೆ ಬಂತಲ್ಲ."

"ಬರೇ ಕ್ಲಾಸ್ನಾಗೆ ತಾನೆ? ಬೇರೆ ಹೊತ್ನಾಗೆ ಹಾಡ್ತಿದ್ಲಾ?"

ತಾಯಿ ಯೋಚಿಸಿದಳು. ಈವರೆಗೆ ಆ ಪ್ರಶ್ನೆ ಅವಳಿಗೆ ಬಂದಿರಲೇ ಇಲ್ಲ. "ಮೊದ್ಲು ಹಾಡ್ತಿದ್ಲು. ಈಚೆಗೆ... ಈಚೆಗೆ ಇಲ್ಲಮ್ಮ. ಒಳ್ಳೇ ಮಗ, ಸದ್ದೇ ಇಲ್ಲ ಅಂತ ಬೀದಿಯೋರೆಲ್ಲಾ ಅನ್ನೋರು."

ತಂಗಿ ಒಳಗಿನಿಂದ ಬಂದಳು. ನಿದ್ದೆಯಿಲ್ಲದೆ ಕಣ್ಣು ಗುಳಿಬಿದ್ದಿದ್ದವು. "ಅಕ್ಕ, ಅಮೃತಾ ಇಷ್ಟ್ ಸುಮ್ಕಿರ್ದೆ ಹೋಗಿದ್ರೆ ನನ್ ಗತಿ ಏನಾಗ್ತಿತ್ತೋ," ಎಂದಳು.

ಯಾರನ್ನು ಬೈಯುವುದು? ಬಾಣಂತಿಯನ್ನೋ, ಇಬ್ಬರು ಹೆಣ್ಣುಮಕ್ಕಳ ಮಕ್ಕಳನ್ನು ಒಬ್ಬಳೇ ಸಾಕಿ ಸೊರಗಿದ ತಾಯಿಯನ್ನೋ? ದಿನಾ ಮುಂಜಾನೆ ಮೈಕ್ ಆಫ್ ಮಾಡಿ ಎಂದವಳು ತಾನೇ. ಬಾಯಿ ನೋಡಿ ಹಿಗ್ಗಿದವಳೂ ತಾನೇ. ಬೇರೆಯವರ ಬಾಯಿಗೆ ಹೆದರಿ ಹೆತ್ತ ಮಗಳನ್ನು ಎಲ್ಲರ ಕೊನೆಗೆ ಇಟ್ಟವಳೂ ತಾನೇ. ಯಶೋದಾ ಮಜ್ಜಿಗೆ ಕುಡಿದಳು.

ಹಿಂದಿರುಗುವಾಗ ಮಗು ಇಬ್ಬರ ನಡುವೆ ಕೂತು ಅಪ್ಪನ ಬೆನ್ನಿಗೆ ಕೆನ್ನೆ ಒತ್ತಿಕೊಂಡಿತ್ತು. ಪೆನುಕೊಂಡದ ಹತ್ತಿರ ನೀರು ಕುಡಿಯಲು ನಿಂತಾಗ ಚೌಡೇಶ್ ಕೇಳಿದ. "ಮತ್ತೆ ಬತ್ತದಾ ಕೊರಳು?"

"ಗೊತ್ತಿಲ್ಲ."

"ಡಾಕ್ಟ್ರು?"

"ಕ್ಲಿನಿಕ್ ಮುಚ್ಚೈತೆ. ಫೋನ್ ಮಾಡ್ದೆ, ತೆಗೀಲಿಲ್ಲ."

"ಅಮ್ಮನಿಗೆ ಏನ್ ಹೇಳಾನ?"

ಯಶೋದಾ ಮಗುವನ್ನು ಎತ್ತಿ ಬೈಕಿನ ಮೇಲೆ ಕೂರಿಸಿದಳು. ಅವನು ಕಿಕ್ ಹೊಡೆದ.

ಬನಶಂಕರಮ್ಮ ಬಾಗಿಲಲ್ಲೇ ಬಿಸಿನೀರಿಟ್ಟುಕೊಂಡು ಕಾದಿದ್ದಳು. ಮೂವರಿಗೂ ಸ್ನಾನ ಮಾಡಿಸದೆ ಒಳಗೆ ಬಿಡಲಿಲ್ಲ. ದೃಷ್ಟಿ ತೆಗೆದಳು. ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕೈತುತ್ತು ತಿನ್ನಿಸಿದಳು. ಮಗು ಸುಮ್ಮನೆ ಉಂಡಿತು. "ದಣಿದೈತೆ," ಎಂದಳು ಅಜ್ಜಿ. ಮಾರನೇ ಬೆಳಗ್ಗೆ ಬಜೆ ತೇದು ನಾಲಿಗೆಗೆ ಸವರಿದಾಗಲೂ ಮಗು ಸುಮ್ಮನಿತ್ತು. "ಊರ್ ಬದಲಾದ್ರೆ ಹಂಗೇ ಕಣಮ್ಮ, ಎರಡ್ ದಿನ ಬೇಕಾಯ್ತದೆ," ಎಂದಳು. ಯಶೋದಾ ಹೂಂಗುಟ್ಟಿದಳು.

ಅಂದು ಸಂಜೆ ಚೌಡೇಶ್ ಮಗ್ಗಕ್ಕೆ ಇಳಿದ. ಲಾಳಿ ಓಡತೊಡಗಿದ ಕೂಡಲೇ ಅಮೃತಾ ಮೊದಲಿನ ಜಾಗಕ್ಕೆ ಬಂದು ಕೂತಳು. ಬನಶಂಕರಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ರಾಟೆ ಸರಿಸಿ, ಮೊಮ್ಮಗಳ ಎದುರು ಚಕ್ಕಳಮಕ್ಕಳ ಹಾಕಿ ಕೂತಳು. ಆ ಹಾಡನ್ನು ಅವಳು ಈ ಹಿಂದೆ ಒಂದು ದಿನವೂ ಬಾಯಿಗೆ ತಂದವಳಲ್ಲ. ಈಗ ಒಡಕು ದನಿಯಲ್ಲಿ, ರಾಗ ಅತ್ತಿತ್ತ ಮಾಡಿಕೊಂಡು, ತಾನೇ ಎತ್ತಿದಳು.

"ಲಾಳಿ ಲಾಳಿ, ಎಲ್ಲಿಗೋದೆ?"

ಮಗುವಿನ ಕಣ್ಣು ಅರಳಿತು. ತುಟಿಗಳು ಆಡಿದವು.

ಬನಶಂಕರಮ್ಮ ಮುಂದಕ್ಕೆ ಬಗ್ಗಿದಳು. ಹುಬ್ಬು ಗಂಟಿಕ್ಕಿತು. ಮಗನ ಕಡೆ ತಿರುಗಿ, "ಮಗ್ಗ ನಿಲ್ಸು ಕಣ್ಲಾ," ಎಂದಳು.

ಚೌಡೇಶ್ ಯಶೋದಾಳನ್ನು ನೋಡಿದ. ಯಶೋದಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮಗ್ಗ ನಿಂತಿತು.

"ಈಗ್ ಹಾಡವ್ವ. ಲಾಳಿ ಲಾಳಿ, ಎಲ್ಲಿಗೋದೆ?"

ಮಗು ಅಜ್ಜಿಯ ಮುಖ ನೋಡುತ್ತ, ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ ತುಟಿಯಲ್ಲಿ ಆಡಿತು. ಬನಶಂಕರಮ್ಮ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡಳು. ಆ ಕಿವಿ ಈ ಕಿವಿ ಬದಲಿಸಿ ನೋಡಿದಳು. ಮನೆಯಲ್ಲಿ ಬೇರೆ ಯಾವ ಸದ್ದೂ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೈ ತೊಡೆಯ ಮೇಲೆ ಇಳಿಯಿತು.

"ನನ್ ಕಿವಿ ಹೋಯ್ತು ಕಣೆ ಯಶೋದಾ," ಎಂದಳು ಅವಳು, ಬಹಳ ಮೆಲ್ಲಗೆ. "ಮಗ ಎದುರ್ಗೇ ಕೂತು ಹಾಡ್ತಾ ಐತೆ, ಒಂದಕ್ಷರ ಕೇಳಿಸ್ತಿಲ್ಲ. ಏನಂತು, ನೀನಾರ ಹೇಳು."

ಯಶೋದಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಈ ಕಡೆ ಬಂದೆ ಅಂತು, ಅತ್ತೆ," ಎಂದಳು.